ಹಗಲು ಮಲಗುವ ಬೀದಿ

ಪ್ರಾರ್ಥನಾಮಂದಿರದ ಹಿಂಬದಿ ಮನೆ,
ಗಾಜಿನ ಕಾರ್ಖಾನೆ ಬೀದಿ.
ಮಾರ್ಚ್ ಹನ್ನೆರಡು, ಮಂಗಳವಾರ

ಪ್ರೀತಿಯ ಅತ್ತೆಗೆ,

ನಿಮ್ಮ ಸೊಸೆಯ ವಂದನೆಗಳು. ಮೊದಲು ನಿಮ್ಮ ಕಣ್ಣಿನ ಸಮಾಚಾರ ಹೇಳಿ. ಆಪರೇಷನ್ ಆದ ಮೇಲೆ ಡಾಕ್ಟರು ಕೊಟ್ಟ ಕಪ್ಪು ಕನ್ನಡಕವನ್ನು ನೀವು ಹಾಕಿಕೊಳ್ಳುತ್ತಿಲ್ಲ, ದಿಂಬಿನ ಕೆಳಗೆ ಬಚ್ಚಿಡುತ್ತೀರಿ ಎಂದು ಅತ್ತಿಗೆ ಬರೆದಿದ್ದಾರೆ. ಹಾಕಿಕೊಂಡರೆ ಕಳ್ಳರ ಗುಂಪಿನ ಯಜಮಾನಿ ಥರ ಕಾಣ್ತೀನಿ ಅಂದಿರಂತೆ. ಕಂಡರೆ ಕಾಣಲಿ ಅತ್ತೆ, ಈ ವಯಸ್ಸಿನಲ್ಲಿ ನಿಮ್ಮನ್ನು ಯಾರೂ ಹಿಡಿದುಕೊಂಡು ಹೋಗುವುದಿಲ್ಲ. ದಯವಿಟ್ಟು ಹಾಕಿಕೊಳ್ಳಿ. ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡಿ ಅಂದರೆ ನೀವು ಮಹಡಿಗೆ ಹೋಗಿ ಬಟ್ಟೆ ಒಣಹಾಕುವುದು ನನಗೆ ಗೊತ್ತಿಲ್ಲವೆಂದು ತಿಳಿಯಬೇಡಿ. ಅತ್ತಿಗೆಗೂ ಭಾವನಿಗೂ ನಮ್ಮ ನೆನಪು ತಿಳಿಸಿ.

ಇತ್ತ ನಾವು ಕ್ಷೇಮ ಎಂದು ಬರೆಯುವುದು ರೂಢಿ. ಬರೆದೆ ಎಂದುಕೊಳ್ಳಿ. ಇನ್ನು ಮುಂದೆ ಇರುವುದೆಲ್ಲ ಗೊಣಗಾಟ. ಮಿಷನ್ ಸೇವೆಯಲ್ಲಿ ಮಾವನವರ ಹಿಂದೆ ಊರೂರು ತಿರುಗಿ, ಹೋದಲ್ಲೆಲ್ಲ ಹೊಸ ಒಲೆ ಹೂಡಿದವರು ನೀವು. ನಿಮ್ಮ ಮುಂದೆ ನಾನು ಕಷ್ಟ ಹೇಳಿಕೊಳ್ಳುವುದು ತುಂಬಿದ ಹೊಳೆ ಈಜಿ ಬಂದವರಿಗೆ ನನಗೆ ನೆಗಡಿಯಾಗಿದೆ ಎಂದು ಹೇಳಿದ ಹಾಗೆ. ಆದರೂ ಹೇಳುತ್ತೇನೆ, ಏಕೆಂದರೆ ಬೇರೆ ಯಾರಿಗೂ ಹೇಳುವಂತಿಲ್ಲ. ನನ್ನ ಅಮ್ಮನಿಗೆ ಬರೆದರೆ, ಸೇವೆಗೆ ಹೋಗೋ ಹುಡುಗ ಬೇಡ ಅಂತ ಅಂದೇ ಹೇಳಿದ್ದೆ ಎಂದು ಒಂದೇ ಸಾಲಿನಲ್ಲಿ ಉತ್ತರ ಬರುತ್ತದೆ. ನಿಮ್ಮ ಮಗನಿಗೆ ಹೇಳಿದರೆ ಸಹನೆಯ ಮೇಲೆ ಒಂದು ವಾಕ್ಯ ಹುಡುಕಿ ಕೊಡುತ್ತಾರೆ.

ಪ್ರಾರ್ಥನಾಮಂದಿರ ಅಂದಕೂಡಲೇ ನೀವು ಏನೇನೋ ಕಲ್ಪಿಸಿಕೊಳ್ಳಬೇಡಿ. ಕಾರ್ಖಾನೆಯವರು ಹಿಂದೆ ಬಾಟಲಿ ಪ್ಯಾಕ್ ಮಾಡುತ್ತಿದ್ದ ತಗಡಿನ ಶೆಡ್ಡು ಅದು. ಮಿಷನ್ನಿಗೆ ಬಿಟ್ಟುಕೊಟ್ಟು ಎಷ್ಟೋ ವರ್ಷವಾಯಿತಂತೆ. ಆದರೆ ಬಾಟಲಿಗಳ ನಡುವೆ ತುರುಕುತ್ತಿದ್ದ ಒಣಹುಲ್ಲು ಇನ್ನೂ ಜಾಗ ಬಿಟ್ಟುಕೊಟ್ಟಿಲ್ಲ. ಗುಡಿಸಿದಷ್ಟೂ ಬರುತ್ತದೆ, ಮಾಡಿನ ಸಂದಿಯಿಂದ, ಬೆಂಚಿನ ಬಿರುಕಿನಿಂದ, ಕೀರ್ತನೆ ಪುಸ್ತಕದ ಹಾಳೆಗಳ ಮಧ್ಯದಿಂದ. ನಿಮ್ಮ ಮಗ ಪ್ರಸಂಗದ ನಡುವೆ ಗಂಭೀರವಾಗಿ ಕೈ ಮೇಲೆತ್ತಿದರೆ ತೋಳಿನಿಂದ ಒಂದು ಎಳೆ ಉದುರುತ್ತದೆ. ಮಂದಿರದ ಬೆನ್ನಿಗೆ ಅಂಟಿಸಿದ ಹಾಗೆ ನಮ್ಮ ಮನೆ, ಒಂದು ಕೋಣೆ ಮತ್ತು ಒಂದು ಅಡಿಗೆಮನೆ. ಕಿಟಕಿಗೆ ಚೌಕಟ್ಟಿದೆ, ಗಾಜಿಲ್ಲ. ಗಾಜಿನ ಕಾರ್ಖಾನೆ ಬೀದಿಯಲ್ಲಿ ಕಿಟಕಿಗೆ ಗಾಜಿಲ್ಲವೇ ಎಂದು ಎದುರು ಮನೆಯವಳನ್ನು ಕೇಳಿದೆ. "ನಾವು ಮಾಡೋದು ಬಾಟಲಿ ಅಕ್ಕಾ, ಬೇಕಾದ್ರೆ ಕಿಟಕಿಗೆ ಬಾಟಲಿ ಜೋಡಿಸ್ಕೊಳ್ಳಿ" ಅಂದಳು. ಬೀದಿಯಲ್ಲಿ ಅವಳಿಗೆ ಚಿಮಟ ಎಂದು ಹೆಸರು. ಕಾರ್ಖಾನೆಯಲ್ಲಿ ಬಿಸಿ ಬಾಟಲಿಗಳನ್ನು ಚಿಮಟದಲ್ಲಿ ಎತ್ತಿಡುವುದು ಅವಳ ಕೆಲಸ, ಹೊರಗೆ ಮನುಷ್ಯರನ್ನು ಎತ್ತಿ ಪಕ್ಕಕ್ಕಿಡುವುದು ಅವಳ ಹವ್ಯಾಸ. ಅವಳ ಗಂಡ ಕುಲುಮೆ ಮೇಸ್ತ್ರಿ. ಗಾಜು ಊದುವವರೆಲ್ಲ ಅವನ ಕೈಕೆಳಗೆ.

ಇಷ್ಟನ್ನೆಲ್ಲ ನಾನು ಸಹಿಸಿಕೊಳ್ಳಬಲ್ಲೆ. ಹುಲ್ಲನ್ನು ಗುಡಿಸಬಹುದು, ಕಿಟಕಿಗೆ ರಟ್ಟು ಬಡಿಯಬಹುದು. ಸಹಿಸಲಾಗದ್ದು ಬೇರೆ. ಈ ಬೀದಿ ಹಗಲು ಮಲಗುತ್ತದೆ, ಅತ್ತೆ. ಸುಮ್ಮನೆ ಮಾತಿಗೆ ಹೇಳುತ್ತಿಲ್ಲ. ಬಿಸಿಲಿನ ಹೊತ್ತಿನಲ್ಲಿ ಕುಲುಮೆಯ ಮುಂದೆ ನಿಂತು ಊದಲು ಯಾರಿಂದಲೂ ಆಗುವುದಿಲ್ಲವಂತೆ, ಆದ್ದರಿಂದ ಊದುವ ಕೆಲಸವೆಲ್ಲ ರಾತ್ರಿ. ಸಂಜೆ ಸೈರನ್ ಕೂಗಿದಾಗ ಗಂಡಸರು ಹೆಂಗಸರು ಒಳಗೆ ಹೋಗುತ್ತಾರೆ, ಬೆಳಗಾದ ಮೇಲೆ ಹೊರಗೆ ಬರುತ್ತಾರೆ. ಬಂದು, ಮಿಂದು, ಉಂಡು, ಕಿಟಕಿಗೆ ಕಂಬಳಿ ಕಟ್ಟಿ ಮಲಗಿದರೆ ಮಧ್ಯಾಹ್ನ ಇಳಿಯುವವರೆಗೆ ಏಳುವುದಿಲ್ಲ. ತರಕಾರಿ ಗಾಡಿಯವನು ಇಲ್ಲಿ ಕೂಗುವುದಿಲ್ಲ, ಗಾಡಿ ನಿಲ್ಲಿಸಿ ಕೈಕಟ್ಟಿ ನಿಂತಿರುತ್ತಾನೆ, ಬೇಕಾದವರು ಬರುತ್ತಾರೆ. ಮಕ್ಕಳು ಜಗಳವನ್ನೂ ಪಿಸುಮಾತಿನಲ್ಲಿ ಆಡುತ್ತವೆ. ಮೊದಲ ದಿನ ಎರಡು ಮಕ್ಕಳು ಒಂದನ್ನೊಂದು ಜುಟ್ಟು ಹಿಡಿದು ಎಳೆದಾಡುತ್ತ ಒಂದು ಸದ್ದೂ ಮಾಡದಿರುವುದನ್ನು ಕಂಡು ಪಾಪ ಮೂಕಮಕ್ಕಳೇನೋ ಎಂದುಕೊಂಡಿದ್ದೆ.

ಇಂಥ ಬೀದಿಗೆ ನಿಮ್ಮ ಮಗ ಮಾವನವರ ಕೈಗಂಟೆಯನ್ನು ಹಿಡಿದುಕೊಂಡು ಬಂದರು.

ನಿಮಗೆ ನಾನು ವಿವರಿಸಬೇಕಾಗಿಲ್ಲ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಆರಾಧನೆ, ಅದಕ್ಕೂ ಮುಂಚೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಗಂಟೆ ಬಾರಿಸುತ್ತ ಒಂದು ಸುತ್ತು. ಉಳಿದ ದಿನ ಅದೇ ಹೊತ್ತಿಗೆ ಮನೆಮನೆ ಭೇಟಿ. ಮಾವನವರು ಹಾಗೆ ಮಾಡಿದರು, ಆದ್ದರಿಂದ ಇವರೂ ಹಾಗೇ. ಹಿಂದಿನ ಕ್ಷೇತ್ರಗಳಲ್ಲಿ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಬರುವವರು ಬರುತ್ತಿದ್ದರು, ಬರದವರು ಗಂಟೆ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಇಲ್ಲಿ ನಾವು ಬಂದಿಳಿದದ್ದು ಶನಿವಾರ ರಾತ್ರಿ, ಬೀದಿ ಖಾಲಿ ಇತ್ತು. ಎಲ್ಲರೂ ಬೇಗ ಮಲಗುವ ಶಿಸ್ತಿನ ಜನ ಎಂದು ಇವರು ಸಂತೋಷಪಟ್ಟರು. ಮಾರನೆಯ ದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಗಂಟೆ ಬಾರಿಸುತ್ತ ಹೊರಟರು. ಇಲ್ಲಿನ ಪದ್ಧತಿ ಯಾರೂ ಹೇಳಲಿಲ್ಲವೇ ಎಂದು ನೀವು ಕೇಳಬಹುದು. ಹೇಳಲು ಯಾರು ಎದ್ದಿದ್ದರು?

ಒಂದೊಂದೇ ಕಂಬಳಿ ಸರಿಯಿತು. ಮೊದಲು ಬಾಗಿಲು ತೆಗೆದವನು ಕುಲುಮೆ ಮೇಸ್ತ್ರಿ, ಕಣ್ಣು ಕೆಂಪಗೆ, ತಲೆಕೂದಲು ನೆಟ್ಟಗೆ. "ಯಾರಾದ್ರೂ ಹೋಗಿಬಿಟ್ರಾ ಸ್ವಾಮಿ?" ಎಂದು ಕೇಳಿದ. ಇವರು ಇಲ್ಲ ಎಂದರು. "ಬೆಂಕಿ ಗಿಂಕಿ?" ಅದೂ ಇಲ್ಲ, ನಿಮಗೊಂದು ಶುಭಸಮಾಚಾರ ತಂದಿದ್ದೇನೆ ಎಂದರು ಇವರು. ಮೇಸ್ತ್ರಿ ಕಣ್ಣುಜ್ಜಿಕೊಂಡು, "ಸಾಯಂಕಾಲದವರೆಗೆ ಇಟ್ರೆ ಹಳಸಲ್ಲ ತಾನೆ?" ಎಂದು ಕೇಳಿ ಬಾಗಿಲು ಹಾಕಿಕೊಂಡ. ನಾನು ನಮ್ಮ ಹೊಸ್ತಿಲಲ್ಲಿ ನಿಂತಿದ್ದೆ. ನಗು ತಡೆಯಲಾಗದೆ ಒಳಗೆ ಹೋಗಿ ಪಾತ್ರೆ ತೊಳೆದೆ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಬೇರೆ ಯಾರಾದರೂ ಆಗಿದ್ದರೆ ಅಂದೇ ಗೊತ್ತಾಗುತ್ತಿತ್ತು. ನಿಮ್ಮ ಮಗನಿಗೆ ಅದು ಪರೀಕ್ಷೆ ಎಂದು ಕಂಡಿತು. ಸೇವೆಯಲ್ಲಿ ಅವಮಾನ ಸಹಜ, ಅಪ್ಪನಿಗೆ ಕಲ್ಲೇ ಬಿದ್ದಿತ್ತು ಅಂದರು. ಹಾಗೆಂದು ಭೇಟಿಗಳನ್ನು ಬೆಳಿಗ್ಗೆಯೇ ಮುಂದುವರಿಸಿದರು. ಬೀದಿಯಲ್ಲಿ ಹಿಂದೆ ಸಭೆಗೆ ಸೇರಿದ್ದ ಮನೆಗಳೂ ಕೆಲವಿವೆ, ಅವರು ಕೂಡ ಇವರ ಹೆಜ್ಜೆ ಸದ್ದಿಗೆ ಚಿಲಕ ಹಾಕಿಕೊಳ್ಳತೊಡಗಿದರು. ಬೆಳಗು ದೇವರದು ಎಂದು ಇವರು. ಬೆಳಗು ದೇವರದಾದರೆ ಮಧ್ಯಾಹ್ನ ಯಾರದು ಎಂದು ನಾನು. ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆಯನ್ನು ಇವರ ಮನೆತನ ನೋಡಿಯೇ ಕಟ್ಟಿರಬೇಕು. ಇದನ್ನು ನಿಮಗೆ ಅಂದದ್ದಲ್ಲ, ನೀವು ಆ ಮನೆತನಕ್ಕೆ ನನ್ನ ಹಾಗೇ ಹೊರಗಿನಿಂದ ಬಂದವರು.

ಮೂರನೆಯ ಭಾನುವಾರ ಗಂಟೆಯ ಕಥೆ ಮುಗಿಯಿತು. ಇವರು ಬಾರಿಸುತ್ತ ಮೇಸ್ತ್ರಿಯ ಮನೆ ದಾಟುವಾಗ ಅವನು ಹೊರಗೆ ಬಂದು ಗಂಟೆಯ ಒಳಗೆ ಕೈ ಹಾಕಿ ಅದರ ನಾಲಿಗೆಯನ್ನು ಹಿಡಿದುಕೊಂಡ. ಸುಟ್ಟು ಸುಟ್ಟು ಚರ್ಮ ಒರಟಾದ ಕೈ ಅದು. ಜಗಳಕ್ಕೆ ಬಂದವನಂತಿರಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಅಯ್ನೋರೇ, ನಮ್ಮೋರು ನಿದ್ದೆಗೆಟ್ಟು ಕುಲುಮೆ ಮುಂದೆ ನಿಲ್ಲಂಗಿಲ್ಲ. ನಿನ್ನೆ ರಾತ್ರಿ ಒಬ್ಬ ತೂಕಡಿಸಿ ಕೈ ಸುಟ್ಕೊಂಡ. ನಿಮ್ಮಿಂದ ಅಂತ ಹೇಳ್ತಿಲ್ಲ. ಆದ್ರೆ ಸಾಕು" ಅಂದ. ಸುಟ್ಟುಕೊಂಡವನು ಮದುವೆಯಾಗಿ ವರ್ಷವೂ ತುಂಬದ ಊದುವವನು, ಬೀದಿಯ ಆ ಕೊನೆಯ ಮನೆ. ಇವರು ಗಂಟೆಯನ್ನು ಕೈಯಲ್ಲಿ ತಲೆಕೆಳಗಾಗಿ ಹಿಡಿದುಕೊಂಡು, ಅದು ಸದ್ದು ಮಾಡದ ಹಾಗೆ, ಮನೆಗೆ ಬಂದರು. ಅದನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು. ಆ ಮಧ್ಯಾಹ್ನ ಒಬ್ಬರೇ ಆ ಕೊನೆಯ ಮನೆಗೆ ಹೋಗಿ ಬಂದರು. ಏನಾಯಿತೆಂದು ನಾನು ಕೇಳಿದ್ದಕ್ಕೆ, ಹುಡುಗ ನಿದ್ದೆ ಮಾಡುತ್ತಿದ್ದ, ಎಬ್ಬಿಸಲಿಲ್ಲ ಅಂದರು.

ಗಂಟೆ ನಿಂತಿತು, ಒಂಬತ್ತು ನಿಲ್ಲಲಿಲ್ಲ. ಅದೇ ನನ್ನ ತಲೆನೋವು. ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಾವಿಬ್ಬರೂ ಆ ಶೆಡ್ಡಿಗೆ ಹೋಗುತ್ತೇವೆ. ನಾನು ಮುಂದಿನ ಬೆಂಚು. ಇವರು ವೇದಿಕೆ ಹತ್ತಿ, "ಪ್ರಿಯ ಸಹೋದರ ಸಹೋದರಿಯರೇ" ಎಂದು ನನ್ನನ್ನು ನೋಡಿ ಶುರು ಮಾಡುತ್ತಾರೆ. ಸಭೆ ಎದ್ದು ನಿಲ್ಲಲಿ ಅಂದಾಗ ನಾನು ಎದ್ದು ನಿಲ್ಲುತ್ತೇನೆ, ಸಭೆ ಕುಳಿತುಕೊಳ್ಳಲಿ ಅಂದಾಗ ಕೂರುತ್ತೇನೆ. ಎರಡು ದನಿಯ ಕೀರ್ತನೆಯಲ್ಲಿ ಇವರು ಒಂದು ದನಿ, ನಾನು ಒಂದು. ಗಟ್ಟಿಯಾಗಿ ಹಾಡಿದರೆ ಬೀದಿ ಏಳುತ್ತದೆ ಎಂದು ಪಿಸುಗುಟ್ಟಿ ಹಾಡುತ್ತೇವೆ. ಕಳೆದ ವಾರ ಪ್ರಸಂಗದಲ್ಲಿ, ನಿಮ್ಮಲ್ಲಿ ಕೆಲವರು ಮನೆಯಲ್ಲಿ ಕೋಪವನ್ನು ಹತೋಟಿಯಲ್ಲಿಡುತ್ತಿಲ್ಲ ಎಂದು ಕೇಳಿದ್ದೇನೆ ಅಂದರು. ಇಡೀ ಶೆಡ್ಡಿನಲ್ಲಿ ಆ ಕೆಲವರು ಯಾರೆಂದು ತಿರುಗಿ ನೋಡಲು ಇನ್ನೊಂದು ಮುಖವೂ ಇರಲಿಲ್ಲ. ಮನೆಗೆ ಬಂದು, ಇನ್ನು ಮುಂದೆ ನನಗೆ ಹೇಳಬೇಕಾದ್ದನ್ನು ಅಡಿಗೆಮನೆಯಲ್ಲೇ ಹೇಳಿ, ವೇದಿಕೆ ಹತ್ತಬೇಕಾಗಿಲ್ಲ ಎಂದೆ. ಆಗ ಸ್ವಲ್ಪ ನಕ್ಕರು. ಇಲ್ಲಿಗೆ ಬಂದ ಮೇಲೆ ನಾನು ನೋಡಿದ ಕೊನೆಯ ನಗು ಅದು.

ಈಗ ಬೇರೆ ಸಂಗತಿ. ಬೀದಿಗೆಲ್ಲ ಇರುವುದು ಒಂದೇ ನಲ್ಲಿ, ನಮ್ಮ ಅಡಿಗೆಮನೆಯ ಬಾಗಿಲಿನ ಎದುರಿಗೇ. ನೀರು ಬರುವುದು ಮಧ್ಯಾಹ್ನ ಇಳಿದ ಮೇಲೆ, ಬೀದಿ ಏಳುವ ಹೊತ್ತಿಗೆ. ಕೊಡ ಬಕೆಟ್ ಸಾಲು ಹಚ್ಚಿ ಹೆಂಗಸರು ನಮ್ಮ ಮೆಟ್ಟಿಲ ಮೇಲೆ ಕೂರುತ್ತಾರೆ. ಮೊದಮೊದಲು ನನಗೆ ಅದೂ ಕಿರಿಕಿರಿಯೇ. ಹೊಸ್ತಿಲೆಲ್ಲ ಕೆಸರು, ನನ್ನ ಒಲೆಯ ಮೇಲೆ ಏನಿದೆ ಎಂದು ಎಲ್ಲರ ಪಂಚಾಯಿತಿ. ಗಂಟೆ ಟ್ರಂಕು ಸೇರಿದ ಮಾರನೆಯ ದಿನ, ಸೋಮವಾರ, ಚಿಮಟ ಕೊಡ ಇಟ್ಟು, "ಅಕ್ಕಾ, ಆ ಹುಡುಗನಿಗೋಸ್ಕರ ಒಂದು ಪ್ರಾರ್ಥನೆ ಮಾಡಿ" ಅಂದಳು. ಅಯ್ಯನವರು ದಿನದಂತೆ ಅಂಚೆ ಕಚೇರಿಗೆ ಹೋಗಿದ್ದಾರೆ, ಬಂದ ಮೇಲೆ ಮಾಡಿಸೋಣ ಎಂದೆ. "ಅಷ್ಟೊತ್ತಿಗೆ ಸೈರನ್ ಆಗುತ್ತೆ. ನಿಮಗೆ ಬರಲ್ವಾ?" ಎಂದು ಕೇಳಿದಳು. ಅವಳು ಕೇಳಿದ ರೀತಿ ನಿಮಗೆ ಗೊತ್ತಾಗಬೇಕು ಅತ್ತೆ, ಸಾರು ಮಾಡಲು ಬರಲ್ವಾ ಎಂದು ಕೇಳಿದ ಹಾಗೆ. ನನಗೂ ರೋಷ ಬಂತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅಲ್ಲೇ ನಿಂತು ಪ್ರಾರ್ಥನೆ ಮಾಡಿದೆ. ಉದ್ದವಾಗಿ ಏನೂ ಅಲ್ಲ. ಆ ಹುಡುಗನ ಬೆರಳುಗಳು ಮತ್ತೆ ಮಡಚುವಂತಾಗಲಿ ಎಂದು ಕೇಳಿಕೊಂಡೆ. ಮುಗಿಸಿ ಕಣ್ಣು ತೆರೆದರೆ ಒಬ್ಬರ ಕೊಡ ತುಂಬಿ ಹರಿಯುತ್ತಿತ್ತು, ಯಾರೂ ನಲ್ಲಿ ನಿಲ್ಲಿಸಿರಲಿಲ್ಲ. ಹುಡುಗನ ಹೆಂಡತಿ ಮುಖ ಮುಚ್ಚಿಕೊಂಡು ಕೂತಿದ್ದಳು.

ಮಾರನೆಯ ದಿನ ಮತ್ತೆ ಕೇಳಿದರು. ಇನ್ಯಾರದೋ ತಾಯಿಯ ಜ್ವರಕ್ಕೆ. ಆಮೇಲೆ ಸತ್ಯವೇದದಿಂದ ಒಂದು ಭಾಗ ಓದಿ ಅಂದರು, ಓದಿದೆ. ಹಾಗೆಲ್ಲ ನಂಬುವ ಜನ ಅವರಲ್ಲ, ಪ್ರತಿ ವಾಕ್ಯಕ್ಕೂ ಒಂದು ಪ್ರಶ್ನೆ. ಕಳೆದುಹೋದ ಒಂದು ಕುರಿಗಾಗಿ ಉಳಿದ ಕುರಿಗಳನ್ನು ಬಿಟ್ಟು ಹೋದ ಕುರುಬನ ಕಥೆ ಓದಿದಾಗ, "ಅವನ ಕೈಕೆಳಗೆ ಮೇಸ್ತ್ರಿ ಇದ್ದಿರಬೇಕು, ಇಲ್ದಿದ್ರೆ ಹಾಗೆ ಬಿಟ್ಟು ಹೋಗೋಕಾಗುತ್ತಾ" ಎಂದು ಚಿಮಟ. ನನಗೆ ಉತ್ತರ ತಿಳಿಯಲಿಲ್ಲ, ತಿಳಿಯಲಿಲ್ಲ ಎಂದೇ ಹೇಳಿದೆ. ಈಗ ಗಂಡಸರೂ ಬರುತ್ತಾರೆ. ಬಂದೆವೆಂದು ಒಪ್ಪಿಕೊಳ್ಳುವುದಿಲ್ಲ. ಮೇಸ್ತ್ರಿ ಮುಖ ತೊಳೆಯುವ ನೆವದಲ್ಲಿ ಚೊಂಬು ಹಿಡಿದು ಆ ಕಡೆ ನಿಲ್ಲುತ್ತಾನೆ. ಪ್ರಾರ್ಥನೆ ಎಷ್ಟು ಹೊತ್ತಾದರೂ ಅವನ ಮುಖ ತೊಳೆಯುವುದು ಮುಗಿಯುವುದಿಲ್ಲ. ಕಳೆದ ಬುಧವಾರ ಜನ ಜಾಸ್ತಿಯಾಗಿ ಮೆಟ್ಟಿಲು ಸಾಲದೆ, ಪಕ್ಕದಲ್ಲೇ ಅಷ್ಟು ದೊಡ್ಡ ಶೆಡ್ಡಿದೆ, ಬೆಂಚಿದೆ, ಒಳಗೆ ಕೂತರೆ ಆಗದೇ ಎಂದು ಕೇಳಿದರು. ಆಗದು ಎಂದು ಯಾವ ಬಾಯಲ್ಲಿ ಹೇಳಲಿ? ಬೀಗದ ಕೈ ಅಯ್ಯನವರ ಹತ್ತಿರವಿದೆ ಎಂದು ನುಣುಚಿಕೊಂಡೆ.

ಅದೇ ಹೊತ್ತಿಗೆ ಅಯ್ಯನವರು ಕಣ್ಣಿಗೆ ಬಿದ್ದರು. ಛತ್ರಿ ಮಡಚಿ ಹಿಡಿದು ಗೋಡೆ ಮೂಲೆಯಲ್ಲಿ ನಿಂತಿದ್ದರು, ಎಷ್ಟು ಹೊತ್ತಿನಿಂದಲೋ. "ಬನ್ನಿ ಅಯ್ನೋರೇ, ಅಕ್ಕ ಚೆನ್ನಾಗೇ ಮಾಡ್ತಾರೆ, ನೀವೂ ಕೇಳಿ" ಎಂದು ಚಿಮಟ ಜಾಗ ಮಾಡಿಕೊಟ್ಟಳು. ಅವಳ ಮನಸ್ಸಿನಲ್ಲಿ ಕುಹಕವಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಇವರು ಛತ್ರಿಯನ್ನು ಕಂಕುಳಿಗೆ ಸೇರಿಸಿ, ಎಲ್ಲರಿಗೂ ಕೈಮುಗಿದು ಒಳಗೆ ಹೋದರು. ಸೈರನ್ ಆಗಿ ಬೀದಿ ಖಾಲಿಯಾದ ಮೇಲೆ ನಾನು ಒಳಗೆ ಹೋದರೆ, ದೀಪ ಹಾಕದೆ ಕೂತಿದ್ದರು. "ನನಗೆ ಬಾರದ ಜನ ನಿನಗೆ ಬಂದರು. ಒಳ್ಳೆಯದಾಯಿತು" ಅಂದರು. ಅವರು ನನಗೆ ಬಂದದ್ದಲ್ಲ, ನೀರಿಗೆ ಬಂದದ್ದು ಎಂದೆ. ಭಾನುವಾರದ ಆರಾಧನೆಯನ್ನು ಆ ಹೊತ್ತಿಗೇ ಇಟ್ಟುಬಿಡಿ, ನೀವೇ ನಡೆಸಿ, ನಾನು ಹಿಂದಿನ ಬೆಂಚಿನಲ್ಲಿ ಕೂತು ನಿದ್ದೆ ಮಾಡುತ್ತೇನೆ ಎಂದೂ ಹೇಳಿದೆ. ಇವರು ನಗಲಿಲ್ಲ. ಮಾವನವರು ಹಾಸಿಗೆ ಹಿಡಿದಿದ್ದಾಗ ಇವರ ಕೈ ಹಿಡಿದು, ಎಲ್ಲಿಗೆ ಹೋದರೂ ಒಂಬತ್ತು ಗಂಟೆ ತಪ್ಪಿಸಬೇಡ ಎಂದದ್ದನ್ನು ಹೇಳಿದರು. ಆಗ ನೀವೂ ಆ ಕೋಣೆಯಲ್ಲಿದ್ದಿರಿ, ನಾನೂ ಇದ್ದೆ. "ಅದೊಂದನ್ನೇ ಅಪ್ಪ ನನ್ನ ಕೇಳಿದ್ದು. ಅದನ್ನೂ ಮುರಿದು ನಾನು ವೇದಿಕೆ ಹತ್ತಲಾ?" ಅಂದರು. ಹಟಮಾರಿ ಎಂದು ಬೈಯುವುದು ಸುಲಭ, ನಾನು ಬೈದಿದ್ದೇನೆ ಕೂಡ. ಆದರೆ ಸತ್ತವರಿಗೆ ಕೊಟ್ಟ ಮಾತನ್ನು ಹಿಡಿದುಕೊಂಡವನ ಎದುರು ಬೈಗುಳ ನಡೆಯುವುದಿಲ್ಲ.

ಅಂದಿನಿಂದ ಇವರು ಮನೆಭೇಟಿಗೆ ಹೋಗಿಲ್ಲ. ನೀರಿನ ಹೊತ್ತಿಗೆ ಸರಿಯಾಗಿ ಛತ್ರಿ ತೆಗೆದುಕೊಂಡು ಹೊರಟುಹೋಗುತ್ತಾರೆ, ಅಂಚೆ ಕಚೇರಿಗಲ್ಲ, ಊರಾಚೆಗೆ. ನನ್ನನ್ನು ನಿಲ್ಲಿಸು ಅನ್ನುವುದಿಲ್ಲ, ಅನ್ನುವ ಮನುಷ್ಯರಲ್ಲ ಅವರು. ಊಟ ಅರ್ಧಕ್ಕೆ ಬಿಡುತ್ತಾರೆ. ನಿನ್ನೆ ಬಾಯಿಬಿಟ್ಟರು. ಮುಂದಿನ ತಿಂಗಳು ಮೊದಲ ವಾರ ಮಿಷನ್ನಿನ ಮೇಲ್ವಿಚಾರಕರು ಇಲ್ಲಿಗೆ ಬರುತ್ತಿದ್ದಾರೆ, ಈ ಮಂದಿರವನ್ನು ಇಟ್ಟುಕೊಳ್ಳಬೇಕೋ ಮುಚ್ಚಬೇಕೋ ಎಂದು ನೋಡಲು. ಮುಚ್ಚಿ ಎಂದು ಇವರೇ ಹೇಳುತ್ತಾರಂತೆ. ತನ್ನನ್ನು ಕ್ಷೇತ್ರಸೇವೆಯಿಂದ ಬಿಡಿಸಿ ಕೇಂದ್ರ ಕಚೇರಿಯ ಪುಸ್ತಕ ಭಂಡಾರದಲ್ಲಿ ಹಾಕಿ ಎಂದೂ ಕೇಳುತ್ತಾರಂತೆ. "ಅಪ್ಪನ ಕೈಲಾಯಿತು, ನನ್ನ ಕೈಲಾಗಲಿಲ್ಲ. ಒಪ್ಪಿಕೊಳ್ಳೋದರಲ್ಲಿ ಏನು ನಾಚಿಕೆ" ಅಂದರು, ಹವಾಮಾನ ಹೇಳಿದಷ್ಟು ಸಲೀಸಾಗಿ. ಇವರನ್ನು ಪುಸ್ತಕ ಭಂಡಾರದ ಕೌಂಟರಿನ ಹಿಂದೆ ಕಲ್ಪಿಸಿಕೊಳ್ಳಿ ಅತ್ತೆ. ಪುಸ್ತಕ ಕೇಳಿ ಬಂದವನಿಗೆ ಅದರ ಸಾರಾಂಶವನ್ನೆಲ್ಲ ಹೇಳಿ, ಇನ್ನು ಓದುವುದೇನಿದೆ ಎಂದು ಬರಿಗೈಯಲ್ಲಿ ಕಳಿಸುತ್ತಾರೆ. ತಮಾಷೆಯಲ್ಲ, ಜನರ ನಡುವೆ ಇರದಿದ್ದರೆ ಇವರು ಒಣಗಿಹೋಗುತ್ತಾರೆ. ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ನಾವು ಬಂದ ಮೊದಲ ವಾರದಲ್ಲಿ ಹೀಗೆಂದಿದ್ದರೆ ಟ್ರಂಕನ್ನು ನಾನೇ ತಲೆ ಮೇಲೆ ಹೊತ್ತುಕೊಂಡು ಹೊರಡುತ್ತಿದ್ದೆ. ಈಗ ಹಾಗನ್ನಿಸುತ್ತಿಲ್ಲ, ಅದು ಇನ್ನೊಂದು ಕಿರಿಕಿರಿ. ಸುಟ್ಟ ಕೈಯ ಹುಡುಗ ನಿನ್ನೆ ನಮ್ಮ ಮೆಟ್ಟಿಲಿಗೆ ಬಂದು ಬೆರಳು ಮಡಚಿ ತೋರಿಸಿದ. ಎರಡು ಬೆರಳು ಪೂರ್ತಿ ಮಡಚುವುದಿಲ್ಲ, ಉಳಿದವು ಮಡಚುತ್ತವೆ. ಅಯ್ಯನವರು ಎಲ್ಲಿ, ಅವರಿಗೂ ತೋರಿಸಬೇಕು, ಆವತ್ತು ಎಬ್ಬಿಸದೆ ಹೋದರಂತೆ ಎಂದು ಕೇಳಿದ. ಅಯ್ಯನವರು ಛತ್ರಿ ಹಿಡಿದು ಊರಾಚೆ ಸುತ್ತುತ್ತಿದ್ದಾರೆ ಎಂದು ಹೇಳಲೇ? ನಾಳೆ ಬಾ ಎಂದೆ. ನನ್ನ ಮೆಟ್ಟಿಲ ಮೇಲೆ ತುಂಬಿದ ಸಭೆ, ಗೋಡೆಯಾಚೆ ಬೀಗ ಹಾಕಿದ ಖಾಲಿ ಮಂದಿರ, ನಡುವೆ ನಿಮ್ಮ ಮಗ. ತಲೆ ಚಚ್ಚಿಕೊಳ್ಳೋಣವೆಂದರೆ ಗೋಡೆಯೂ ತಗಡಿನದು, ಸದ್ದಾದರೆ ಬೀದಿ ಏಳುತ್ತದೆ.

ಇಷ್ಟೆಲ್ಲ ಬರೆದು ನಿಮಗೆ ಬೇಸರ ತಂದೆನೇನೋ. ಕಣ್ಣಿಗೆ ಶ್ರಮ ಕೊಟ್ಟು ಒಂದೇ ಸಲ ಓದಬೇಡಿ, ಎರಡು ಮೂರು ದಿನ ಇಟ್ಟುಕೊಂಡು ಓದಿ. ಚುಕ್ಕಿ ಔಷಧಿ ಮರೆಯಬೇಡಿ. ನಿಮ್ಮ ಮಗ ಹೊರಗೆ ಹೋಗಿದ್ದಾರೆ, ಇದ್ದಿದ್ದರೆ ತಮ್ಮ ಪ್ರೀತಿಯನ್ನು ತಿಳಿಸುತ್ತಿದ್ದರು, ಅವರ ಪರವಾಗಿ ನಾನೇ ತಿಳಿಸುತ್ತಿದ್ದೇನೆ. ಅತ್ತಿಗೆಯ ಮಕ್ಕಳಿಗೆ ನನ್ನ ಮುತ್ತುಗಳು. ನಮ್ಮಿಬ್ಬರ ತಲೆ ಮೇಲೂ ನಿಮ್ಮ ಕೈ ಇರಲಿ, ಇವರ ತಲೆ ಮೇಲೆ ಸ್ವಲ್ಪ ಜೋರಾಗಿಯೇ ಇಡಿ.

ನಿಮ್ಮನ್ನು ದಿನವೂ ನೆನೆಯುವ,
ನಿಮ್ಮ ಸೊಸೆ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಾಗಲಿಲ್ಲ. ಲಕೋಟೆ ಅಂಟಿಸಿ ಮತ್ತೆ ಬಿಡಿಸಿದೆ. ಅಂಚೆಯವನು ಹೊರಗೆ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ, ಒಂದು ಮಧ್ಯಾಹ್ನ ಬಟಾಣಿ ಸುಲಿಯುತ್ತ ನೀವು ಒಂದು ಮಾತು ಹೇಳಿದ್ದಿರಿ. ನಿಮ್ಮ ಮೊದಲ ಕ್ಷೇತ್ರದಲ್ಲಿ ಎಲ್ಲರೂ ಹಾಲು ಹಾಕುವವರು, ಮನೆಮನೆಗೆ ಹಾಲು ಕೊಟ್ಟು ಬಂದು ಕೈಕಾಲು ತೊಳೆದುಕೊಳ್ಳುವ ಹೊತ್ತಿಗೆ ಒಂಬತ್ತಾಗುತ್ತಿತ್ತು, ಅವರಿಗಾಗಿಯೇ ಮಾವನವರು ಒಂಬತ್ತು ಗೊತ್ತು ಮಾಡಿದರು ಎಂದು. ಆಮೇಲೆ ಊರು ಬದಲಾಯಿತು, ಹಾಲಿನವರು ಹಿಂದೆ ಉಳಿದರು, ಒಂಬತ್ತು ಮಾತ್ರ ಜೊತೆಗೆ ಬಂತು ಅಂದಿರಿ. ಆಗ ಇವರು ಹುಟ್ಟಿರಲೇ ಇಲ್ಲ, ಇವರಿಗೆ ಗೊತ್ತಿಲ್ಲ. ನಾನು ಹೇಳಿದರೆ ನನ್ನ ಅನುಕೂಲಕ್ಕೆ ಕಟ್ಟಿದ ಕಥೆ ಅನ್ನುತ್ತಾರೆ. ನಾನು ಸರಿಯಾಗಿ ಕೇಳಿಸಿಕೊಂಡಿದ್ದರೆ, ಅದನ್ನು ನೀವು ನಿಮ್ಮ ಕೈಯಿಂದಲೇ ಇವರಿಗೆ ಬರೆಯಿರಿ, ಮೇಲ್ವಿಚಾರಕರು ಬರುವುದಕ್ಕೆ ಮುಂಚೆ ಸಿಗುವ ಹಾಗೆ. ದಪ್ಪ ಅಕ್ಷರದಲ್ಲಿ ನಾಲ್ಕು ಸಾಲು ಸಾಕು. ಆಮೇಲೆ ಒಂದು ಊರಿನಲ್ಲಿ, ಮೂರು ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಒಂಬತ್ತಕ್ಕೆ ಸಿದ್ಧವಾಗಲಾರದೆ, ಹತ್ತಕ್ಕೆ ಮಾಡಿ ಎಂದು ನೀವು ಮಾವನವರನ್ನು ಕೇಳಿದ್ದಿರಿ, ಅವರು ಒಪ್ಪಲಿಲ್ಲ. ಅದನ್ನೂ ಅವತ್ತೇ ಹೇಳಿದ್ದಿರಿ, ಹೇಳಿ ಬಟಾಣಿ ಸಿಪ್ಪೆಯನ್ನೆಲ್ಲ ಕಾಳಿನ ಪಾತ್ರೆಗೆ ಹಾಕಿದಿರಿ. ಅದನ್ನು ಬರೆಯುವುದು ಬಿಡುವುದು ನಿಮಗೆ ಸೇರಿದ್ದು. ನಾನಾಗಿದ್ದರೆ ಬರೆಯುತ್ತಿದ್ದೆ.